ಹನಿ ಕಾಯುವವಳು

ಅಂಗಡಿ ಮೆಟ್ಟಿಲು ಹತ್ತುವವರನ್ನು ಕಾಲಿನಿಂದ ಮೇಲಕ್ಕೆ ನೋಡಬೇಕು. ಮುಖದಿಂದ ಶುರು ಮಾಡಿದವನು ಮೋಸಹೋಗುತ್ತಾನೆ. ಮುಖಕ್ಕೆ ಸುಳ್ಳು ಹೇಳಿ ಅಭ್ಯಾಸವಿರುತ್ತದೆ, ಚಪ್ಪಲಿಗೆ ಇರುವುದಿಲ್ಲ. ಆ ಹೆಂಗಸಿನ ಎಡಗಾಲಿನ ಚಪ್ಪಲಿ ಮಾತ್ರ ಸವೆದಿತ್ತು: ಒಂದೇ ಭುಜಕ್ಕೆ ಭಾರದ ಚೀಲ ಹಾಕಿ ಓಡಾಡುವವಳು. ಉಗುರು ಬುಡದವರೆಗೆ ಕತ್ತರಿಸಿತ್ತು. ಬೆರಳ ತುದಿ ನುಣುಪು; ಪಾತ್ರೆ ತಿಕ್ಕಿದ್ದೂ ಅಲ್ಲ, ಕುರ್ಚಿಯಲ್ಲಿ ಕೂತು ಸಹಿ ಹಾಕಿದ್ದೂ ಅಲ್ಲ. ಮೈಮೇಲೆ ಚೂರು ಬಂಗಾರವಿಲ್ಲ. ನಲವತ್ತರ ಆಚೆ, ಐವತ್ತರ ಈಚೆ. ಬೆಲೆ ಕೇಳುವ ಮೊದಲೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಅಲ್ಲಿಗೆ ನನ್ನ ಅಂದಾಜು ಮುಗಿಯಿತು: ಸರಕು ಬಲ್ಲವಳು, ಕೊಡುವ ದುಡ್ಡು ತನ್ನದಲ್ಲ, ಆದರೂ ತನ್ನದೇ ಎನ್ನುವಂತೆ ಚೌಕಾಸಿ ಮಾಡುವವಳು. ಇಂಥ ಗಿರಾಕಿಯಿಂದ ಲಾಭ ಕಮ್ಮಿ, ತಲೆನೋವು ಜಾಸ್ತಿ.

“ಈ ಎಣ್ಣೆ ನೀರಿಗಿಂತ ಭಾರ ತಾನೇ?” ಅಂದಳು.

“ಬೇಕಾದ್ರೆ ತೂಗಿ ತೋರಿಸ್ತೀನಿ.”

“ತೂಗಿದ್ರೆ ನಿಮ್ಮ ತಕ್ಕಡಿ ನಂಬಬೇಕಾಗತ್ತೆ. ಒಂದು ಲೋಟ ನೀರು ಕೊಡಿ.”

ಲೋಟದ ನೀರಿಗೆ ಒಂದಿಷ್ಟು ಎಣ್ಣೆ ಬಿಟ್ಟಳು. ಅಡುಗೆ ಎಣ್ಣೆಯಾಗಿದ್ದರೆ ತೇಲುತ್ತಿತ್ತು; ಪ್ರಯೋಗಾಲಯದ ಈ ಎಣ್ಣೆ ಕಲ್ಲಿನ ಹಾಗೆ ನೇರ ತಳಕ್ಕೆ ಹೋಗಿ ಕೂತಿತು. ಬಗ್ಗಿ ನೋಡಿ, ತಲೆಯಾಡಿಸಿ, “ಎಣ್ಣೆ ಮುಳುಗತ್ತೆ, ಸರಿ ಇದೆ. ನಿಮ್ಮ ಮಾತು ಮಾತ್ರ ತೇಲತ್ತೆ,” ಅಂದಳು. ನಾನು ಪ್ರಯೋಗಾಲಯಗಳಿಗೆ ಗಾಜು, ಕೊಳವೆ, ಎಣ್ಣೆ ಮಾರುವವನು. ಅಷ್ಟು ವರ್ಷದಲ್ಲಿ ನನ್ನ ಅಂಗಡಿಯಲ್ಲೇ ನಿಂತು ನನ್ನನ್ನು ಹೀಗೆ ಪರೀಕ್ಷೆ ಮಾಡಿದವರು ಯಾರೂ ಇರಲಿಲ್ಲ. ಆಮೇಲೆ ಅವಳು ತಿಂಗಳು ತಿಂಗಳೂ ಬಂದಳು.

ಅವಳಿಗೆ ಹನಿಯಮ್ಮ ಅಂತ ಹೆಸರು ಬಿದ್ದದ್ದು ಅವಳ ಕೆಲಸದಿಂದ. ಊರಂಚಿನ ಒಂದು ಕಟ್ಟಡದ ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ. ಅಲ್ಲಿ ಅವಳು ತಿಳಿ ರಬ್ಬರಿನಂಥದ್ದನ್ನು ಅಚ್ಚಿಗೆ ಹೊಯ್ದು, ಬೇಯಿಸಿ, ಗಾಜಿಗೆ ಅಂಟಿಸಿ, ಹೆಬ್ಬೆರಳಿನಗಲದ ಚಿಪ್ಪುಗಳನ್ನು ಮಾಡುತ್ತಿದ್ದಳು. ಚಿಪ್ಪಿನೊಳಗೆ ಕೂದಲಿನಷ್ಟು ಸಪುರ ಕಾಲುವೆಗಳು. ನಡುವಿನ ಕಾಲುವೆಯಲ್ಲಿ ನೀರು ಬರುತ್ತದೆ, ಎರಡು ಪಕ್ಕದಿಂದ ಎಣ್ಣೆ. ಕೂಡುವ ಜಾಗದಲ್ಲಿ ಎಣ್ಣೆ ನೀರಿನ ಕತ್ತು ಹಿಸುಕುತ್ತದೆ, ನೀರು ಹನಿ ಹನಿಯಾಗಿ ಕಡಿದು ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು. ಒಂದೂ ಬರಿಗಣ್ಣಿಗೆ ಕಾಣುವುದಿಲ್ಲ.

ಒಂದೊಂದು ಹನಿಯೂ ಒಂದೊಂದು ಅಂಗಡಿ ಎಂದುಕೊಳ್ಳಿ. ಒಳಗೆ ಒಂದೇ ಒಂದು ಜೀನು. ಅಂದರೆ ಯಾವ ಕಿಣ್ವ ಮಾಡಬೇಕು ಅನ್ನುವ ಆರ್ಡರು. ಆರ್ಡರು ಓದಿ ಕಿಣ್ವ ತಯಾರಿಸುವ ರಸ ಒಂದಿಷ್ಟು. ಜೊತೆಗೆ ಜಿಡ್ಡಿಗೆ ಕಟ್ಟಿಹಾಕಿದ ಬಣ್ಣ. ತಯಾರಾದ ಕಿಣ್ವ ಕೆಲಸಗಾರನಾದರೆ ಜಿಡ್ಡನ್ನು ಕಡಿಯುತ್ತದೆ, ಬಣ್ಣ ಬಿಡುಗಡೆಯಾಗಿ ಹನಿ ಹಸಿರಾಗಿ ಹೊಳೆಯುತ್ತದೆ. ಸೋಮಾರಿಯಾದರೆ ಕತ್ತಲು. ಆಮೇಲೆ ಹನಿಗಳೆಲ್ಲ ಸಾಲಾಗಿ ಲೇಸರಿನ ಮುಂದೆ ಹಾಯುತ್ತವೆ. ಹೊಳೆದದ್ದನ್ನು ವಿದ್ಯುತ್ತು ಪಕ್ಕದ ಕಾಲುವೆಗೆ ಎಳೆದುಕೊಳ್ಳುತ್ತದೆ, ಮಿಕ್ಕದ್ದು ಕಸಕ್ಕೆ. ನಮ್ಮ ವ್ಯಾಪಾರದ ಬೀದಿಯಲ್ಲಿ ಇಂಥ ಏರ್ಪಾಡಿಲ್ಲದ್ದು ನಮ್ಮ ಪುಣ್ಯ.

ಹನಿ ಮಾಡಿದ ಮೇಲೆ, ಆರಿಸುವ ಮೊದಲು, ಅವು ಬೆಚ್ಚನೆ ಪೆಟ್ಟಿಗೆಯಲ್ಲಿ ಒಂದಷ್ಟು ಹೊತ್ತು ಇರಬೇಕು. ಕಿಣ್ವ ತಯಾರಾಗುವುದಕ್ಕೂ ಅದು ಕೆಲಸ ಮಾಡಿ ತೋರಿಸುವುದಕ್ಕೂ ಅಷ್ಟು ಹೊತ್ತು ಬೇಕು. ಬೆಳಿಗ್ಗೆ ಮಾಡಿದ ಹನಿಯನ್ನು ಸಂಜೆಯೊಳಗೆ ಆರಿಸಿ ಮುಗಿಸಬೇಕು ಅನ್ನುವುದು ಆ ಕೋಣೆಯ ಕಟ್ಟಳೆ. ಹನಿ ಕಾಯುವವಳು ಹನಿಯಮ್ಮ. ಮಿಕ್ಕವರು ಗಡಿಯಾರ ನೋಡುತ್ತಿದ್ದರು, ಇವಳು ಹನಿಯನ್ನೇ ನೋಡುತ್ತಿದ್ದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಹನಿಗಳು ದುಂಡಗಿವೆಯೋ, ಒಂದಕ್ಕೊಂದು ಕೂಡಿಕೊಂಡು ದಪ್ಪಗಾಗಿವೆಯೋ ನೋಡಿ, “ಚೆನ್ನಾಗಿವೆ” ಅಥವಾ “ಕೆಟ್ಟವು” ಅನ್ನುತ್ತಿದ್ದಳು. ಅವಳ ಮಾತೇ ಕೊನೆ. ಅದರ ಬಗ್ಗೆ ಅವಳಿಗೆ ತುಸು ಜಂಭವೂ ಇತ್ತು. ಇರಲಿ, ಜಂಭ ಪಡುವುದಕ್ಕೆ ಅವಳ ಬದುಕಿನಲ್ಲಿ ಬೇರೇನೂ ಇರಲಿಲ್ಲ.

ಮನೆಯಲ್ಲಿ ಇದ್ದದ್ದು ದೊಡ್ಡಕ್ಕ ಒಬ್ಬಳೇ. ಹನಿಯಮ್ಮನಿಗಿಂತ ಹದಿನೆಂಟು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಸಾಕಿ, ಓದಿಸಿದವಳು, ತನಗೆ ಅಂತ ಬಂದ ಎರಡು ಸಂಬಂಧವನ್ನೂ “ಈ ಪುಟ್ಟಿಯನ್ನ ಯಾರ ಕುತ್ತಿಗೆಗೆ ಕಟ್ಟಲಿ?” ಅಂತ ವಾಪಸು ಕಳಿಸಿದವಳು. ಈಗ ಅವಳ ಬುದ್ಧಿ ಹೊಲಿಗೆ ಬಿಟ್ಟ ಬಟ್ಟೆಯ ಹಾಗೆ ಒಂದು ಕಡೆಯಿಂದ ಬಿಚ್ಚಿಕೊಳ್ಳುತ್ತಾ ಬಂದಿತ್ತು. ಮೊದಲು ಬೀದಿಯ ಹೆಸರು ಹೋಯಿತು, ಆಮೇಲೆ ವರ್ಷ, ಆಮೇಲೆ ಉಂಡಿದ್ದು.

“ಸ್ಕೂಲು ಬಿಡ್ತಾ?” ಅಂತ ಸಂಜೆ ಕೇಳುತ್ತಿದ್ದಳು.

“ಬಿಡ್ತು ಅಕ್ಕಾ.”

“ಏನು ಕಲಿಸಿದ್ರು?”

“ಹನಿ ಮಾಡೋದು.”

“ಅದನ್ನೇನು ಕಲಿಸೋದು? ನಮ್ಮ ಸೂರು ಸೋರಿದ್ರೆ ತಾನೇ ಮಾಡತ್ತೆ,” ಅಂತ ದೊಡ್ಡಕ್ಕ ನಗುತ್ತಿದ್ದಳು. ಬುದ್ಧಿ ಬಿಚ್ಚಿಕೊಂಡರೂ ನಾಲಿಗೆಯ ಮೊನೆ ಮೊಂಡಾಗಿರಲಿಲ್ಲ.

ತಲೆ ಇನ್ನೂ ನೆಟ್ಟಗಿದ್ದಾಗ ಅವಳು ತಂಗಿಯಿಂದ ಒಂದು ಮಾತು ತೆಗೆದುಕೊಂಡಿದ್ದಳು. “ನನ್ನನ್ನ ಬೀಗ ಹಾಕೋ ಜಾಗದಲ್ಲಿ ಮಾತ್ರ ಬಿಡಬೇಡ ಪುಟ್ಟಿ. ಬಾಗಿಲು ನನ್ನ ಕೈಯಲ್ಲಿರ್ಬೇಕು.” ಹನಿಯಮ್ಮ ಹೂಂ ಅಂದಿದ್ದಳು. ಹಗಲು ದೊಡ್ಡಕ್ಕನನ್ನು ನೋಡಿಕೊಳ್ಳುವುದಕ್ಕೆ ಒಬ್ಬ ಆಯಾ ಬರುತ್ತಿದ್ದಳು. ಹನಿಯಮ್ಮನ ಸಂಬಳದ ಮುಕ್ಕಾಲು ಪಾಲು ಆ ಆಯಾಳ ಕೈಗೆ. ಕೆಲಸ ಇದ್ದರೆ ಆಯಾ, ಆಯಾ ಇದ್ದರೆ ಅಕ್ಕ ಮನೆಯಲ್ಲಿ. ಇಲ್ಲದಿದ್ದರೆ ಊರಾಚೆ ಒಂದು ಆಶ್ರಮ, ಗೇಟಿಗೆ ಬೀಗ. ಅವಳ ಬದುಕಿನ ಲೆಕ್ಕ ಇಷ್ಟೇ. ಕೂಡಿ ಕಳೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ.

ಆ ನೆಲಮಾಳಿಗೆಯ ಖರ್ಚು ನಡೆಸುತ್ತಿದ್ದವರು ಒಂದು ಸೋಪಿನ ಕಂಪನಿಯವರು. ತಣ್ಣೀರಿನಲ್ಲೂ ಬಟ್ಟೆಯ ಜಿಡ್ಡು ತಿನ್ನುವ ಕಿಣ್ವ ಬೇಕಾಗಿತ್ತು ಅವರಿಗೆ. ಜೀನುಗಳನ್ನು ಲಕ್ಷಗಟ್ಟಲೆ ಬಗೆಯಲ್ಲಿ ತಿದ್ದಿಸಿ, ಒಂದು ಕೊಳವೆಯಲ್ಲಿ ತುಂಬಿ ಕಳಿಸಿದ್ದರು. ಎಷ್ಟು ಸಲ ಆರಿಸಿದರೂ ಹೇಳಿಕೊಳ್ಳುವಂಥದ್ದು ಸಿಕ್ಕಿರಲಿಲ್ಲ. ಕೊಳವೆಯ ತಳದಲ್ಲಿ ಇನ್ನೊಂದೇ ಸಲಕ್ಕೆ ಸಾಲುವಷ್ಟು ಉಳಿದಿತ್ತು. ಕೋಣೆಯ ಮುಖ್ಯಸ್ಥೆ, ಎಲ್ಲರೂ ಮೇಡಂ ಅನ್ನುತ್ತಿದ್ದವರು, ಒಳ್ಳೆಯ ಹೆಂಗಸು. ಬೈಯುವುದಿದ್ದರೂ ಮೊದಲು ಕುರ್ಚಿ ಕೊಡುವವರು. “ಇದೇ ಕೊನೇದು ಹನಿಯಮ್ಮ,” ಅಂದರು. “ಇದರಲ್ಲಿ ಹೊಳೆದ್ರೆ ಕೋಣೆ ಉಳಿಯತ್ತೆ. ಇಲ್ದಿದ್ರೆ ನಾವೆಲ್ಲ ಅವರದೇ ಸೋಪಲ್ಲಿ ಕೈ ತೊಳ್ಕೊಳ್ಳೋದು.”

ಆ ದಿನ ಹನಿಗಳು ಮುತ್ತು ಪೋಣಿಸಿದ ಹಾಗೆ ಬಂದವು. ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದಳು. ಮೇಡಂ ಸೋಪಿನವರನ್ನು ಕಾಣಲು ಹೋಗಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಯಾಳ ಫೋನು.

“ಅಮ್ಮಾ, ದೊಡ್ಡಮ್ಮ ಇಲ್ಲ. ನಾನು ಬಟ್ಟೆ ಒಣಗಿಸೋಕೆ ಮೇಲೆ ಹೋಗಿದ್ದೆ. ಬಾಗಿಲು ತೆಗೆದೇ ಇದೆ.”

ಹನಿಯಮ್ಮ ಹೇಗಿದ್ದಳೋ ಹಾಗೇ ಓಡಿದಳು. ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆಯ ಹಿಂದಿನ ಓಣಿ, ಎಲ್ಲ ಸುತ್ತಿ ಕೊನೆಗೆ ದೊಡ್ಡಕ್ಕ ಸಿಕ್ಕಿದ್ದು ಒಂದು ಸಿದ್ಧ ಉಡುಪಿನ ಅಂಗಡಿಯಲ್ಲಿ. ಕಾಲಲ್ಲಿ ಚಪ್ಪಲಿಯಿಲ್ಲ. ಮಾಲೀಕನ ಮುಂದೆ ಕೂತು, ಮಾರಾಟಕ್ಕೆ ನೇತುಹಾಕಿದ್ದ ಅಂಗಿಯೊಂದರ ಅಂಚು ಮಗುಚಿ ತೋರಿಸುತ್ತಿದ್ದಳು. “ಇದೇನು ಹೊಲಿಗೆ ಕಣಪ್ಪಾ? ನಾಯಿ ಓಡಿದ ಹಾಗಿದೆ. ನಂಗೆ ಕೆಲಸ ಕೊಡು. ಮನೇಲಿ ಒಂದು ಮಗು ಇದೆ, ಓದೋ ಮಗು.”

ಮಾಲೀಕ ಪಾಪ, ಟೀ ತರಿಸಿ ಕೊಟ್ಟಿದ್ದ. ಆ ಓದೋ ಮಗು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿತ್ತು, ತಲೆಯಲ್ಲಿ ಬಿಳಿ ಕೂದಲು. ಆ ಸಂಜೆ ದೊಡ್ಡಕ್ಕ ಅವಳ ಕೈ ಬಿಡಲಿಲ್ಲ. ಬಿಡಿಸಿಕೊಳ್ಳಲು ಇವಳಿಗೂ ಮನಸ್ಸಾಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಹನಿ ನೆನಪಾಗಲಿಲ್ಲವೇ? ನೆನಪಾಯಿತು. ನೆನಪಾದದ್ದನ್ನು ಪಕ್ಕಕ್ಕಿಟ್ಟು ಅಕ್ಕನ ಕಾಲಿಗೆ ಹತ್ತಿದ್ದ ಗಾಜಿನ ಚೂರು ತೆಗೆಯುತ್ತಾ ಕೂತಳು.

ಮರುದಿನ ಬೆಳಿಗ್ಗೆ, ಯಾರೂ ಬರುವ ಮೊದಲೇ, ಪೆಟ್ಟಿಗೆ ತೆಗೆದಳು. ಕಟ್ಟಳೆಯ ಪ್ರಕಾರ ಆ ಹನಿಗಳನ್ನು ಚೆಲ್ಲಬೇಕು. ಆದರೆ ಚೆಲ್ಲಿದರೆ ಜೀನು ಮುಗಿಯಿತು, ಕೋಣೆ ಮುಗಿಯಿತು. ಸೂಕ್ಷ್ಮದರ್ಶಕಕ್ಕೆ ಇಟ್ಟು ನೋಡಿದಳು. ಒಂದೂ ಒಡೆದಿರಲಿಲ್ಲ, ಒಂದೂ ಇನ್ನೊಂದಕ್ಕೆ ಕೂಡಿರಲಿಲ್ಲ. ಆಗಷ್ಟೇ ಮಾಡಿದ ಹಾಗೆ ದುಂಡಗೆ ಕೂತಿದ್ದವು. ಅವಳ ಕಣ್ಣು “ಚೆನ್ನಾಗಿವೆ” ಅಂದಿತು. ಅವಳು ಕಣ್ಣಿನ ಮಾತು ಕೇಳಿದಳು. ಹಿಂದಿನ ಸಂಜೆ ಆರಿಸಬೇಕಿದ್ದದ್ದನ್ನು ಆ ಬೆಳಿಗ್ಗೆ ಆರಿಸಿದಳು, ಯಾರಿಗೂ ಹೇಳಲಿಲ್ಲ.

ಹೊಳೆದವು! ಎಂದೂ ಇಲ್ಲದಷ್ಟು ಹಸಿರು ಹನಿಗಳು ಪಕ್ಕದ ಕಾಲುವೆಗೆ ಜಿಗಿದವು. ಆಮೇಲೆ ಬಂದ ಮೇಡಂ ಪರದೆಯ ಮೇಲಿನ ಲೆಕ್ಕ ನೋಡಿ, ಅದು ಹಿಂದಿನ ಸಂಜೆಯದೆಂದೇ ತಿಳಿದು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಸೋಪಿನ ಮ್ಯಾನೇಜರು ಚಾಕಲೇಟಿನ ಡಬ್ಬ ಹಿಡಿದು ಬಂದ. ಹನಿಯಮ್ಮ ತನ್ನ ಪಾಲಿನದನ್ನು ಕರವಸ್ತ್ರದಲ್ಲಿ ಕಟ್ಟಿ ಅಕ್ಕನಿಗೆ ಒಯ್ದಳು. “ಪಾಸಾದ್ಯಾ?” ಅಂತ ಕೇಳಿದಳು ದೊಡ್ಡಕ್ಕ. “ಪಾಸಾದೆ,” ಅಂದಳು.

ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿ ಹೊಳೆದದ್ದೆಲ್ಲ ಕಿಣ್ವವೂ ಅಲ್ಲ. ಹೊಳೆದ ಹನಿಗಳ ಜೀನು ತೆಗೆದು, ದೊಡ್ಡ ಪಾತ್ರೆಯಲ್ಲಿ ಕಿಣ್ವ ಮಾಡಿ, ಜಿಡ್ಡು ಹಚ್ಚಿದ ಬಟ್ಟೆಗೆ ಹಾಕಿ ನೋಡಿದರು. ಜಿಡ್ಡು ಅಲ್ಲಾಡಲಿಲ್ಲ. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಹನಿಯಲ್ಲಿ ಶೂರರಾಗಿದ್ದವೆಲ್ಲ ಪಾತ್ರೆಗೆ ಬಂದ ಕೂಡಲೇ ಸತ್ತ ಹಾಗೆ ಬಿದ್ದುಕೊಂಡವು.

ಆಗ ನನಗೆ ಕರೆ ಬಂತು. ಹೋದೆ. ಮೇಜಿನ ಒಂದು ಪಕ್ಕ ಮೇಡಂ, ಇನ್ನೊಂದು ಪಕ್ಕ ಸೋಪಿನ ಮ್ಯಾನೇಜರು; ಮೂಲೆಯ ತೊಟ್ಟಿಯ ಹತ್ತಿರ ಹನಿಯಮ್ಮ ಗಾಜು ತೊಳೆಯುತ್ತಾ, ಬೆನ್ನು ನಮ್ಮ ಕಡೆಗೆ.

“ನಿಮ್ಮ ಎಣ್ಣೆ ಸೋರತ್ತೆ,” ಅಂದ ಮ್ಯಾನೇಜರು.

“ಬಾಟ್ಲಿ ಸೀಲು ನೋಡಿದ್ರಾ ಸ್ವಾಮೀ?”

“ಬಾಟ್ಲಿಯಿಂದಲ್ಲ. ಹನಿಯಿಂದ ಹನಿಗೆ. ಒಂದು ಹನೀಲಿ ಬಿಡುಗಡೆಯಾದ ಬಣ್ಣ ಎಣ್ಣೆ ಮೂಲಕ ಪಕ್ಕದ ಹನಿಗೆ ಹೋಗ್ತಿದೆ. ಅಲ್ಲಿ ಕಿಣ್ವನೇ ಇಲ್ಲ, ಆದ್ರೂ ಹೊಳೆಯತ್ತೆ. ನಾವು ಆರಿಸಿದ್ದು ಬರೀ ಪಕ್ಕದಮನೆಯವರನ್ನ.”

ನಾನು ನನ್ನ ಎಣ್ಣೆಯ ಪರವಾಗಿ ಬೇಕಾದಷ್ಟು ವಾದ ಮಾಡಿದೆ. ಎಷ್ಟು ಕಡೆ ಕೊಟ್ಟಿದ್ದೇನೆ, ಯಾರಿಂದಲೂ ದೂರಿಲ್ಲ ಅಂದೆ. ಮ್ಯಾನೇಜರು ಅಡ್ಡಗೋಡೆಯ ಮೇಲೆ ದೀಪವಿಡುವ ಜಾತಿಯವನಲ್ಲ, ನೇರ ಹೇಳಿದ. “ಎಣ್ಣೆ ತಪ್ಪು ಅಂತಾದ್ರೆ ಈ ಕೋಣೆಯವರದ್ದೇನೂ ದೋಷ ಇಲ್ಲ. ಹೊಸ ಜೀನು ಮಾಡಿಸಿ ಕಳಿಸ್ತೀವಿ, ಇನ್ನೊಂದು ವರ್ಷ ಕೆಲಸ ಮಾಡಿ. ಎಣ್ಣೆ ಮಾತ್ರ ಬೇರೆಯವರದ್ದು. ನಮ್ಮ ಕಡೆ ಎಲ್ಲ ಪ್ರಯೋಗಾಲಯಕ್ಕೂ ತಿಳಿಸ್ತೀವಿ.”

ಎಲ್ಲ ಪ್ರಯೋಗಾಲಯಕ್ಕೂ ತಿಳಿಸುವುದು ಅಂದರೆ ನನ್ನ ಅಂಗಡಿಗೆ ಬೀಗ. ಈ ವ್ಯಾಪಾರದಲ್ಲಿ ಗಿರಾಕಿಗಳೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರೇ. ತೊಟ್ಟಿಯ ಹತ್ತಿರ ನೀರು ಬೀಳುತ್ತಲೇ ಇತ್ತು. ಹನಿಯಮ್ಮ ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಳು. ನಾನು ಎದ್ದು ಹೊರಟಾಗಲೂ ತಿರುಗಲಿಲ್ಲ. ಋಣ ಇಷ್ಟೇ ಅಂದುಕೊಂಡು ಬಂದೆ.

ಅಲ್ಲಿಂದಾಚೆಗಿನದನ್ನು ಬಹಳ ದಿನದ ಮೇಲೆ ಅವಳೇ ಹೇಳಿದಳು. ಬಾಯಿ ಮುಚ್ಚಿಕೊಂಡಿರುವುದೆಂದೇ ಆಗ ಅವಳು ತೀರ್ಮಾನ ಮಾಡಿದ್ದಳಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೀಳಲಿ ಬರೆ, ಎಮ್ಮೆಗೆ ಚರ್ಮ ದಪ್ಪ ಇದೆ. ಆ ಎಮ್ಮೆ ನಾನು. ಎಣ್ಣೆಯವನಿಗೆ ಇನ್ನೊಂದು ವ್ಯಾಪಾರ ಸಿಕ್ಕೀತು, ಅಕ್ಕನಿಗೆ ಇನ್ನೊಂದು ಮನೆ ಸಿಗುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ನಾನೇ ಅವಳ ಜಾಗದಲ್ಲಿದ್ದಿದ್ದರೂ ಹಾಗೇ ಹಾಕುತ್ತಿದ್ದೆ.

ಆದರೆ ಆ ಕೈ ಸುಮ್ಮನಿರುವ ಕೈಯಲ್ಲ. ಅದೇ ಬಾಟಲಿಯ ಎಣ್ಣೆಯಲ್ಲಿ ಎರಡು ಬಗೆಯ ಹನಿ ಮಾಡಿದಳು: ಒಂದಕ್ಕೆ ಬಿಡುಗಡೆಯಾದ ಬಣ್ಣ ಹಾಕಿ, ಇನ್ನೊಂದಕ್ಕೆ ಏನೂ ಹಾಕದೆ. ಎರಡನ್ನೂ ಬೆರೆಸಿ ಬೆಚ್ಚನೆ ಪೆಟ್ಟಿಗೆಯಲ್ಲಿಟ್ಟಳು. ಸಂಜೆ ನೋಡಿದಳು. ಹೊಳೆಯುವುದು ಹೊಳೆಯುತ್ತಿತ್ತು, ಕತ್ತಲು ಕತ್ತಲಾಗಿಯೇ ಇತ್ತು. ಎಣ್ಣೆ ತನ್ನ ಕೆಲಸ ಮಾಡಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಮತ್ತೆ ಪೆಟ್ಟಿಗೆಗಿಟ್ಟು ಮನೆಗೆ ಹೋದಳು. ಬೆಳಿಗ್ಗೆ ಬಂದು ಕಣ್ಣಿಟ್ಟರೆ ಹನಿಗಳೆಲ್ಲ ದುಂಡಗೆ, ಒಂದೂ ಒಡೆಯದೆ, ಒಂದೇ ಸಮನೆ ಮಬ್ಬು ಹಸಿರು. ಯಾವುದು ಯಾವುದಾಗಿತ್ತೋ ಗುರುತೇ ಇಲ್ಲ. ಎಷ್ಟು ಒಳ್ಳೆಯ ಎಣ್ಣೆಯಾದರೂ ಬಣ್ಣವನ್ನು ಅಷ್ಟು ಹೊತ್ತು ತಡೆಯುವುದಿಲ್ಲ. ಹನಿಯ ಗೋಡೆ ನಿಂತೇ ಇತ್ತು, ಒಳಗಿನ ಬೆಳಕು ಮೆಲ್ಲಗೆ ಮನೆಮನೆಗೆ ಹಂಚಿಹೋಗಿತ್ತು. ಸಂಜೆಯೊಳಗೆ ಆರಿಸಬೇಕು ಅನ್ನುವ ಕಟ್ಟಳೆ ಇದಕ್ಕೇ ಇದ್ದದ್ದು. ದುಂಡಗಿದ್ದರೆ ಸಾಕು ಅಂತ ನಂಬಿದ ಕಣ್ಣಿಗೆ ಇದು ಕಾಣುವುದೇ ಇಲ್ಲ.

ಮೇಡಂ ಬಂದಾಗ ಅವಳು ಇನ್ನೂ ಅಲ್ಲೇ ಕೂತಿದ್ದಳು.

“ಎಣ್ಣೆ ಸರಿ ಇದೆ ಮೇಡಂ.”

“ಮತ್ತೆ?”

“ನಾನು ಅವತ್ತು ಹನಿ ಬಿಟ್ಟು ಹೋದೆ. ಅಕ್ಕ ಮನೆ ಬಿಟ್ಟು ಹೋಗಿದ್ಲು. ಆರಿಸಿದ್ದು ಮರುದಿನ ಬೆಳಿಗ್ಗೆ.”

ಮೇಡಂ ಕುರ್ಚಿ ಎಳೆದು ಕೂತರು. ಈ ಸಲ ಕುರ್ಚಿ ಅವರಿಗೇ ಬೇಕಾಗಿತ್ತು. “ಇದನ್ನ ನನಗೆ ಯಾಕೆ ಹೇಳಿದ್ರಿ ಹನಿಯಮ್ಮ?” ಅಂದರು. “ಹೇಳ್ದೆ ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ. ಗೊತ್ತಾದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ.”

“ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ, ಎರಡು ಸಲ ನೋಡ್ಬಿಟ್ಟೆ ಮೇಡಂ. ಒಂದೇ ಸಲ ನೋಡಿದ್ರೆ ಸುಮ್ಮನಿರ್ತಿದ್ನೇನೋ.”

ಅವಳಿಂದ ಇದಕ್ಕಿಂತ ದೊಡ್ಡ ಮಾತು ನಾನೂ ಕೇಳಿಲ್ಲ. ಧರ್ಮ, ಸತ್ಯ ಅಂತೆಲ್ಲ ಅವಳು ಯಾವತ್ತೂ ಹೇಳಲಿಲ್ಲ. ಹೇಳಿದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮ್ಯಾನೇಜರಿಗೆ ವಿಷಯ ಹೋಯಿತು. ಕೊನೆಯ ಜೀನು ಹಾಳಾದದ್ದು ಕೋಣೆಯವರ ಕೈಯಿಂದಲೇ ಅಂದಮೇಲೆ ಹೊಸದನ್ನು ಅವರೇಕೆ ಮಾಡಿಸಿಕೊಡುತ್ತಾರೆ? ಮೇಡಂ ಹೋಗಿ ಬೇಡಿಕೊಂಡರು, ಆಗಲಿಲ್ಲ. ಮೊದಲು ಹನಿಯಮ್ಮನ ಕೆಲಸ ಹೋಯಿತು, ಆ ತಿಂಗಳೇ ಕೋಣೆಯೂ. ಲೇಸರನ್ನು ಯಾರೋ ಕೊಂಡೊಯ್ದರು. ಬೆಚ್ಚನೆ ಪೆಟ್ಟಿಗೆಯನ್ನು ಕೊಳ್ಳುವವರಿಲ್ಲದೆ ಓಣಿಯಲ್ಲಿಟ್ಟರು. ಆ ಲಕ್ಷಗಟ್ಟಲೆ ಜೀನುಗಳಲ್ಲಿ ನಿಜವಾಗಿ ಹೊಳೆಯುವಂಥದ್ದು ಒಂದಾದರೂ ಇತ್ತೇ? ಇದ್ದಿರಬಹುದು. ಯಾರಿಂದ ಬಣ್ಣ ಪಕ್ಕದಮನೆಗೆಲ್ಲ ಹರಿಯಿತೋ ಆ ಪುಣ್ಯಾತ್ಮ ಆ ಗುಂಪಿನಲ್ಲೇ ಎಲ್ಲೋ ಇದ್ದಿರಲೇಬೇಕು. ಈಗ ಹುಡುಕುವುದು ಗಾಳಿಗೆ ಗುದ್ದಿದ ಹಾಗೆ.

ಅವಳಿಗೊಂದು ಕೆಲಸ ಕೊಡಿಸಲು ನಾನು ಸುತ್ತಿದೆ. ಅಷ್ಟು ವರ್ಷ ಬೇಡದ ಸರಕನ್ನೂ ಗಿರಾಕಿಯ ಕೈಗೆ ಹಿಡಿಸಿದವನಿಗೆ, ಇವಳನ್ನು ಮಾತ್ರ ಎಲ್ಲಿಯೂ ದಾಟಿಸಲಾಗಲಿಲ್ಲ. ಹನಿ ಕೆಲಸ ಇರುವ ಕಡೆಯಲ್ಲೆಲ್ಲ ಸುದ್ದಿ ಮೊದಲೇ ಹೋಗಿತ್ತು. ಹನಿ ಕೆಲಸ ಇಲ್ಲದ ಕಡೆ, “ಏನು ಬರುತ್ತೆ ನಿಮಗೆ?” ಅಂತ ಕೇಳಿದರೆ ಅವಳು ನಿಜವನ್ನೇ ಹೇಳುತ್ತಿದ್ದಳು. ನನ್ನ ಅಂಗಡಿಗೇ ಬಾ ಅಂದೆ.

“ನಿಮ್ಮ ಅಂಗಡೀಲಿ ನಾನೇನು ಮಾಡ್ಲಿ ಸಾಹುಕಾರ್ರೇ? ಬಂದವರಿಗೆಲ್ಲ ಲೋಟದ ನೀರಲ್ಲಿ ಎಣ್ಣೆ ಮುಳುಗಿಸಿ ತೋರಿಸ್ಲಾ?” ಅಂದಳು. ನಗಲಿಲ್ಲ. ಈಗ ಅವಳು ಒಂದು ಔಷಧಿ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳೆ. ಆಯಾಳನ್ನು ಇಟ್ಟುಕೊಳ್ಳಲು ಆ ಸಂಬಳ ಸಾಲದು. ಮಿಕ್ಕದ್ದನ್ನು ನಾನು ಕೊಡುತ್ತೇನೆ ಅಂತ ಒಂದು ಸಲ ಹೇಳಿದೆ. ಅವಳು ಎದ್ದು ಹೋದಳು. ಎರಡನೇ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ.

ದೊಡ್ಡಕ್ಕನನ್ನು ಊರಾಚೆಯ ಆಶ್ರಮಕ್ಕೆ ಕರೆದೊಯ್ದ ದಿನ ಗಾಡಿ ನನ್ನದು. ಅದಕ್ಕೆ ಒಪ್ಪಿಸಿದ್ದೇ ಹೆಚ್ಚು. ದೊಡ್ಡಕ್ಕ ಕಿಟಕಿಗೆ ಮೂಗು ಒತ್ತಿ, ದಾರಿಯುದ್ದಕ್ಕೂ ಒಣಹಾಕಿದ್ದ ಬಟ್ಟೆಗಳ ಹೊಲಿಗೆಯನ್ನು ಬೈಯುತ್ತಾ ಬಂದಳು. ಗೇಟಿನವನು ಬೀಗ ತೆಗೆದು, ಒಳಗೆ ಬಿಟ್ಟು, ಮತ್ತೆ ಹಾಕಿದ. ಆ ಸದ್ದಿಗೆ ದೊಡ್ಡಕ್ಕ ತಿರುಗಿ ನೋಡಿದಳು. ಮಾತು ಕೊಟ್ಟದ್ದು, ಮಾತು ತೆಗೆದುಕೊಂಡದ್ದು ಯಾವುದೂ ಅವಳ ನೆನಪಿನಲ್ಲಿರಲಿಲ್ಲ. ನೆನಪಿದ್ದವಳು ತಂಗಿ ಒಬ್ಬಳೇ.

“ನೀನು ಇಲ್ಲೇ ಓದೋದಾ?” ಅಂತ ಕೇಳಿದಳು.

“ಇಲ್ಲ ಅಕ್ಕಾ. ನೀನಿಲ್ಲಿರ್ತೀಯ. ನಾನು ಭಾನುವಾರ ಬರ್ತೀನಿ.”

“ಸರಿ. ಸ್ಕೂಲು ಬಿಟ್ಟ ಕೂಡ್ಲೇ ಬಾ. ದಾರೀಲಿ ನಿಂತ್ಕೋಬೇಡ.”

ಹನಿಯಮ್ಮ ಭಾನುವಾರ ತಪ್ಪಿಸುವುದಿಲ್ಲ. ಮೊದಮೊದಲು ದೊಡ್ಡಕ್ಕ ಅವಳ ಕೈ ಹಿಡಿದು ಗೇಟಿನವರೆಗೂ ಬಂದು, ಬೀಗವನ್ನು ಎಳೆದು ನೋಡಿ, “ಇದನ್ನ ಯಾರು ಹಾಕಿದ್ದು?” ಅನ್ನುತ್ತಿದ್ದಳಂತೆ. ಈಗ ಗೇಟಿನವರೆಗೆ ಬರುವುದಿಲ್ಲ. ಹೋದ ತಿಂಗಳಿಂದ ಹನಿಯಮ್ಮನನ್ನು ಬಟ್ಟೆ ಅಂಗಡಿಯ ಮಾಲೀಕಳು ಅಂದುಕೊಂಡಿದ್ದಾಳೆ. ಕೈಮುಗಿದು ಕೆಲಸ ಕೇಳುತ್ತಾಳೆ. ಮನೆಯಲ್ಲಿ ಓದುವ ಮಗುವಿದೆ ಅನ್ನುತ್ತಾಳೆ. ಹನಿಯಮ್ಮ ಪ್ರತಿ ಸಲವೂ “ನಾಳೆಯಿಂದ ಬನ್ನಿ” ಅಂತ ಹೇಳಿ ಬರುತ್ತಾಳೆ.

ನನ್ನ ಅಂಗಡಿ ನಡೆಯುತ್ತಿದೆ. ಆ ಬೆಳಿಗ್ಗೆ ಅವಳು ಬಾಯಿ ತೆರೆಯದೆ ಇದ್ದಿದ್ದರೆ ಅಂಗಡಿ ಮುಚ್ಚುತ್ತಿತ್ತು, ಅವಳ ಅಕ್ಕ ಮನೆಯಲ್ಲಿರುತ್ತಿದ್ದಳು. ನಾನು ಈ ಹೊತ್ತು ಬಾಗಿಲು ತೆಗೆದು ಕೂರುವ ಅಂಗಡಿ ಅವಳಿಂದ ಉಳಿದದ್ದು. ಅದಕ್ಕೆ ಬದಲಾಗಿ ನಾನು ಅವಳಿಗೆ ಏನನ್ನೂ ಕೊಟ್ಟಿಲ್ಲ.